ಮೆಣಸಿಗೆ ಹೊಲಿದ ಚೀಲ

ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುವ ನನಗೆ ಮೆಣಸು ಅಂದರೆ ಕೆಮ್ಮು ಬಂದಾಗ ಅವ್ವ ಕುಟ್ಟಿ ಕೊಡುವ ಕರಿ ಕಾಳು, ಅಷ್ಟೇ. ಒಂದು ಬೇಸಿಗೆ ಆರ್ಡರ್ ನಿಂತಾಗ, ಕೊಡಗಿನ ತೋಟಕ್ಕೆ ಮೆಣಸು ಕೊಯ್ಯಲು ಹೊರಟೆ. ಹೆಸರು ಒಂದೇ ಅಂದಮೇಲೆ ಗಿಡವೂ ನಮ್ಮ ಮೆಣಸಿನಕಾಯಿ ಗಿಡದ ಹಾಗೆ ಮೊಣಕಾಲುದ್ದ ಇರುತ್ತದೆ ಅಂದುಕೊಂಡು, ಮಿಕ್ಕ ಜೀನ್ಸ್ ತುಂಡುಗಳಿಂದ ಸೊಂಟಕ್ಕೆ ಕಟ್ಟುವ ಚೀಲ ಹೊಲಿದುಕೊಂಡು ಹೋದೆ.

ತೋಟದಲ್ಲಿ ಬಗ್ಗಿ ಬಗ್ಗಿ ಹುಡುಕುತ್ತಿದ್ದೆ. ಮೇಸ್ತ್ರಿ ಬಂದು, "ಏನು ಕಳ್ಕೊಂಡ್ಯಪ್ಪಾ?" ಅಂದ.

"ಮೆಣಸಿನ ಗಿಡ ಎಲ್ಲೈತ್ರಿ?"

ಆತ ನನ್ನ ಗದ್ದ ಹಿಡಿದು ಮೇಲಕ್ಕೆತ್ತಿದ. ಮರದ ತುದಿಯವರೆಗೂ ಬಳ್ಳಿ! ಅವ್ವನ ಕರಿ ಕಾಳು ಅಲ್ಲಿ ಹಸಿರಾಗಿ, ಗೊಂಚಲು ಗೊಂಚಲಾಗಿ ತೂಗಾಡುತ್ತಿತ್ತು. ಸುತ್ತಲಿದ್ದವರೆಲ್ಲ ನಕ್ಕರು.

ಸಿಟ್ಟಿಗೇ ಏಣಿ ಹತ್ತಿದೆ. ಉಳಿದವರ ಗೋಣಿಚೀಲಗಳು ಕೊಂಬೆಗೆ ಸಿಕ್ಕಿ ಹರಿಯುತ್ತಿದ್ದವು. ಡಬಲ್ ಹೊಲಿಗೆ ಹಾಕಿದ ನನ್ನ ಚೀಲದ ಒಂದು ಎಳೆಯೂ ಬಿಡಲಿಲ್ಲ. ಸಂಜೆ ಮೇಸ್ತ್ರಿ ಅದರ ಮೂಲೆ ಜಗ್ಗಿ ನೋಡಿದ.

"ಎಲ್ಲಿ ತಗೊಂಡೆ ಇದನ್ನ?"

"ತಗೊಂಡಿದ್ದಲ್ರಿ, ನಾನೇ ಹೊಲಿದಿದ್ದು. ರಾಯದುರ್ಗದ ಹೊಲಿಗೆ."

"ಬರೋ ವರ್ಷ ನಮಗೂ ಹೊಲ್ಕೊಂಡು ಬಾ. ಭುಜಕ್ಕೊಂದು ಪಟ್ಟಿ ಇರಲಿ, ಏಣಿ ಮೇಲೆ ಜಾರಬಾರದು."

ಈಗ ವರ್ಷಾ ವರ್ಷಾ ನನ್ನ ಚೀಲಗಳು ಕೊಡಗಿನ ಮರ ಹತ್ತುತ್ತವೆ. "ಮೆಣಸು ಬಿಡಿಸೋ ಚೀಲಕ್ಕ ಭುಜದ ಪಟ್ಟಿ ಯಾಕ?" ಅಂತ ಪಕ್ಕದ ಮಿಷಿನ್ನಿನವರು ಕೇಳಿದರೆ ನಾನೂ ಅವರ ಗದ್ದ ಹಿಡಿದು ಮೇಲಕ್ಕೆತ್ತುತ್ತೇನೆ. ಅವರಿಗೆ ಕಾಣುವುದು ಬರೀ ಫ್ಯಾನು, ಆ ಮಾತು ಬೇರೆ.