ಕೆಂಪರಾಜು ಕೊಟ್ಟ ಮಾತು

ಕೆಂಪರಾಜು ಆಂಬುಲೆನ್ಸ್ ಓಡಿಸಲು ಶುರುಮಾಡಿದ್ದು ತಂಗಿ ಪುಟ್ಟಿ ತೀರಿಹೋದ ಮೇಲೆ. ಅದಕ್ಕೂ ಮೊದಲು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಬಸ್ಸಿಗೆ ಡ್ರೈವರ್ ಆಗಿದ್ದ. ದೊಡ್ಡಆಲಹಳ್ಳಿಯ ಮನೆಯಲ್ಲಿ ಪುಟ್ಟಿಗೆ ಹೆರಿಗೆಯಾಗಿ ರಕ್ತ ನಿಲ್ಲದೆ ಹೋದಾಗ ಫೋನ್ ಮಾಡಿದವನು ಅವನೇ. ಗಾಡಿ ಬಂತು. ಆದರೆ ರಾಮನಗರದಿಂದ ಬಂತು. ಅದೇ ಹೊತ್ತಿನಲ್ಲಿ ಕನಕಪುರದಲ್ಲಿ ಇನ್ನೊಂದು ಗಾಡಿ ಖಾಲಿ ನಿಂತಿತ್ತೆಂದು ತಿಥಿಯ ಊಟಕ್ಕೆ ಬಂದ ಯಾರೋ ಹೇಳಿದರು. ಫೋನ್ ಎತ್ತಿದವರಿಗೆ ಅದು ಗೊತ್ತಿರಲಿಲ್ಲ, ಅಷ್ಟೆ. ಬೈಯೋಣವೆಂದರೆ ಬೈಯಲು ಯಾರೂ ಇರಲಿಲ್ಲ.

ಆದ್ದರಿಂದಲೇ, ಪೊಲೀಸರು, ಅಗ್ನಿಶಾಮಕದವರು, ಆಂಬುಲೆನ್ಸ್‌ನವರು ಮೂವರೂ ಸೇರಿ ನಾಲ್ಕು ತಾಲ್ಲೂಕಿಗೆ ಒಂದೇ ಕಂಟ್ರೋಲ್ ರೂಮ್ ಮಾಡುತ್ತಾರಂತೆ ಎಂಬ ಸುದ್ದಿ ಬಂದಾಗ ಕನಕಪುರದ ಸ್ಟ್ಯಾಂಡಿನಲ್ಲಿ ಖುಷಿಪಟ್ಟವನು ಕೆಂಪರಾಜು ಒಬ್ಬನೇ. ಪ್ರತಿ ಗಾಡಿಯಲ್ಲೂ ಒಂದು ಪೆಟ್ಟಿಗೆ ಕೂರಿಸುತ್ತಾರೆ. ಯಾವ ಗಾಡಿ ಎಲ್ಲಿದೆ ಎಂಬುದು ರಾಮನಗರದ ಆ ಕಂಟ್ರೋಲ್ ರೂಮಿನ ಪರದೆಯ ಮೇಲೆ ಕಾಣುತ್ತದೆ. ಫೋನ್ ಬಂದ ಕೂಡಲೇ ಹತ್ತಿರದ ಗಾಡಿಯನ್ನು ಕಂಪ್ಯೂಟರೇ ಹುಡುಕಿ ತೋರಿಸುತ್ತದೆ. ಮಿಕ್ಕ ಡ್ರೈವರುಗಳು ಮುಖ ಸಿಂಡರಿಸಿದರು. ಟೀ ಕುಡಿಯೋಕೆ ನಿಂತರೂ ಸಾಹೇಬರಿಗೆ ಕಾಣುತ್ತದಲ್ಲ ಎಂಬುದು ಅವರ ಭಯ.

ಈ ಕೆಲಸದ ಉಸ್ತುವಾರಿ ಮನೋಹರ್ ಎಂಬ ಅಧಿಕಾರಿಯದು. ಮೂರೂ ಇಲಾಖೆಯವರನ್ನು ಒಂದೇ ಮೇಜಿಗೆ ಕೂರಿಸಿದವರು ಅವರು. ನಗುಮುಖದ ಮನುಷ್ಯ, ಡ್ರೈವರುಗಳನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಒಂದು ದಿನ ಕೆಂಪರಾಜುವನ್ನು ಕರೆಸಿ ಎದುರಿಗೆ ಕುರ್ಚಿ ಹಾಕಿಸಿದರು.

"ನಾನು ಹೇಳಿದರೆ ಅವರು ಕೇಳಲ್ಲ ಕೆಂಪರಾಜು. ನೀವು ಹೇಳಿದರೆ ಕೇಳ್ತಾರೆ. ಹತ್ತಿರದ ಗಾಡಿ ಹುಡುಕೋದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಇದನ್ನ ಬಳಸಲ್ಲ. ಇದು ನನ್ನ ಮಾತು."

ಕೆಂಪರಾಜು ಹೊರಟ. ರಜೆಯ ದಿನಗಳಲ್ಲಿ ತನ್ನ ಬೈಕಿನಲ್ಲೇ ಚನ್ನಪಟ್ಟಣಕ್ಕೆ, ಕೂಟಗಲ್ಲಿಗೆ, ಮಾಗಡಿಗೆ ಹೋಗಿ ಒಂದೊಂದು ಸ್ಟ್ಯಾಂಡಿನಲ್ಲೂ ಕೂತು ಪುಟ್ಟಿಯ ಕಥೆ ಹೇಳಿದ. ಹೆಂಡತಿ ಶಿವಲಿಂಗಮ್ಮ, "ಅವರ ಕೆಲ್ಸ ನೀನ್ಯಾಕೆ ಮಾಡೀಯೆ?" ಎಂದು ಕೇಳಿದರೂ ಬಿಡಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಒಪ್ಪಿದರು. ಕೊನೆಗೆ ಉಳಿದವನು ಮಾಗಡಿಯ ಮುನೇಶ್. ಇಬ್ಬರೂ ಒಟ್ಟಿಗೆ ತರಬೇತಿ ಪಡೆದವರು, ಒಂದೇ ತಟ್ಟೆಯಲ್ಲಿ ಉಂಡವರು.

"ನಿಂಗೆ ಗೊತ್ತಲ್ಲ, ಅವ್ವಂಗೆ ಲಕ್ವ ಹೊಡ್ದೈತೆ," ಎಂದ ಮುನೇಶ್. "ಮಧ್ಯಾಹ್ನ ಒಸಿ ಹೊತ್ತು ಗಾಡೀನ ಮನೆ ಮುಂದೆ ನಿಲ್ಲಿಸ್ಕಂಡು ಎರಡು ತುತ್ತು ಉಣ್ಸಿ ಬತ್ತೀನಿ. ಫೋನ್ ಬಂದ್ರೆ ಎದ್ದು ಓಡ್ತೀನಿ. ಅದನ್ನ ತಪ್ಪು ಅಂದ್ಬುಟ್ರೆ?"

"ನಾನೇ ಕೇಳ್ತೀನಿ ತಡಿ ಕಣ್ಲಾ," ಎಂದ ಕೆಂಪರಾಜು.

ಮನೋಹರ್ ಬಳಿ ಹೋಗಿ ಹೆಸರು ಹೇಳಿಯೇ ಕೇಳಿದ. ಅವರು ನಕ್ಕು, "ಅಯ್ಯೋ, ತಾಯಿಗೆ ಊಟ ಮಾಡಿಸೋದನ್ನ ಯಾರು ತಪ್ಪು ಅಂತಾರೆ? ಮಾಡಿಸಲಿ ಬಿಡಿ," ಎಂದರು. ಆ ಮಾತನ್ನು ಕೆಂಪರಾಜು ಹಾಗೆಯೇ ಮಾಗಡಿಗೆ ಹೊತ್ತು ತಂದ. ಮುನೇಶನ ಗಾಡಿಗೂ ಪೆಟ್ಟಿಗೆ ಬಂತು.

ಪೆಟ್ಟಿಗೆ ಕೆಲಸ ಮಾಡಿತು, ಅದರಲ್ಲಿ ಸುಳ್ಳಿಲ್ಲ. ಹಾರೋಹಳ್ಳಿಯ ಒಂದು ಶೆಡ್ಡಿಗೆ ಬೆಂಕಿ ಬಿದ್ದ ದಿನ ಬೆಂಕಿ ಆರಿಸುವ ಗಾಡಿಯೂ ಕೆಂಪರಾಜುವಿನ ಗಾಡಿಯೂ ಒಂದರ ಹಿಂದೆ ಒಂದು ಗೇಟಿನೊಳಕ್ಕೆ ನುಗ್ಗಿದವು. ಸುಟ್ಟ ಕೈಗಳನ್ನು ಎತ್ತಿ ಹಿಡಿದುಕೊಂಡೇ ಮೂರು ಹೆಣ್ಣುಮಕ್ಕಳು ತಾವಾಗಿಯೇ ನಡೆದು ಗಾಡಿ ಹತ್ತಿದರು. ಮೂವರೂ ಬದುಕಿದರು. ಆಸ್ಪತ್ರೆಯ ಹಿಂದಿನ ನಲ್ಲಿಯಲ್ಲಿ ಕೈಕಾಲು ತೊಳೆಯುತ್ತಾ ಕೆಂಪರಾಜು ತಂಗಿಯನ್ನು ನೆನೆದು ಅತ್ತುಬಿಟ್ಟ.

ಕೆಲವು ತಿಂಗಳ ನಂತರ ಮುನೇಶನನ್ನು ಕೆಲಸದಿಂದ ತೆಗೆದರು. ಕಾರಣ, ಕರ್ತವ್ಯದ ವೇಳೆ ಗಾಡಿಯನ್ನು ಸ್ವಂತಕ್ಕೆ ಬಳಸಿದ್ದು.

ಕೆಂಪರಾಜು ನೇರ ರಾಮನಗರಕ್ಕೆ ಹೋದ. ಮನೋಹರ್ ಮೀಟಿಂಗಿನಲ್ಲಿದ್ದರು. ಕಂಟ್ರೋಲ್ ರೂಮಿನಲ್ಲಿ ಫೋನ್ ಎತ್ತುವ ಚೈತ್ರಾ ಹೊರಗೆ ಬಂದು, ಅತ್ತ ಇತ್ತ ನೋಡಿ ಮೆಲ್ಲಗೆ ಹೇಳಿದಳು.

"ಗಾಡಿ ಯಾವತ್ತು ಎಲ್ಲೆಲ್ಲಿ ಎಷ್ಟೊತ್ತು ನಿಂತಿತ್ತು ಅಂತ ಲೆಕ್ಕ ಇಟ್ಕಂಡು ತೋರ್ಸೋದು ಮೊದ್ಲಿನಿಂದಾನೂ ಐತೆ ಅಣ್ಣ. ಮೂರೂ ಇಲಾಖೆಯವ್ರು ಕೇಳಿದ್ರಂತೆ, ಅದಿಲ್ದಿದ್ರೆ ನಾವು ಸೇರಲ್ಲ ಅಂದ್ರಂತೆ. ಡ್ರೈವರ್‌ಗಳಿಗೆ ಹೇಳ್ಬೇಡಿ ಅಂದಿದ್ರು ನಮಗೆ. ಒಂದಿನ ದೊಡ್ಡ ಸಾಹೇಬ್ರು ಬಂದಾಗ ಅದು ಹೆಂಗೆ ಕೆಲ್ಸ ಮಾಡ್ತದೆ ತೋರ್ಸಿ ಅಂದ್ರು. ಮನೋಹರ್ ಸಾರೇ ಮುನೇಶಣ್ಣನ ಗಾಡಿ ತೆಗಿಯಮ್ಮ, ಮಧ್ಯಾಹ್ನದ್ದು ನೋಡು ಅಂದ್ರು."

ಇಷ್ಟೊಂದು ಗಾಡಿಗಳ ನಡುವೆ ಮುನೇಶನ ಗಾಡಿ, ಅದೂ ಮಧ್ಯಾಹ್ನದ ಹೊತ್ತಿನದು, ಅವರಿಗೆ ಹೇಗೆ ಹೊಳೆಯಿತೆಂದು ಕೆಂಪರಾಜು ಯಾರನ್ನೂ ಕೇಳಬೇಕಾಗಿರಲಿಲ್ಲ.

ಮೀಟಿಂಗ್ ಮುಗಿಸಿ ಬಂದ ಮನೋಹರ್ ಕುರ್ಚಿ ಹಾಕಿಸಲಿಲ್ಲ. "ಇದು ನನ್ನೊಬ್ಬನ ಕೈಲಿಲ್ಲ ಕೆಂಪರಾಜು. ಮೂರು ಇಲಾಖೆ ಸೇರಿ ಮಾಡಿದ ಮೇಲೆ ಮೂವರೂ ನೋಡ್ತಾರೆ. ನಿಮಗೇನೂ ತೊಂದರೆ ಆಗದ ಹಾಗೆ ನಾನು ನೋಡ್ಕೋತೀನಿ."

"ನಂಗೆ ಆಗಿದ್ರೆ ಇಷ್ಟು ಉರೀತಿರ್ಲಿಲ್ಲ ಸಾರ್," ಎಂದ ಕೆಂಪರಾಜು.

ಕನಕಪುರದ ಸ್ಟ್ಯಾಂಡಿನಲ್ಲಿ ಅವನು ಬಂದರೆ ಮಾತು ನಿಲ್ಲತೊಡಗಿತು. ಪೆಟ್ಟಿಗೆ ಕಿತ್ತು ಬಿಸಾಕೋಣ, ನೀನೇ ಮೊದಲು ಕೀಳು ಎಂದರು ಕೆಲವರು. ಅವನಿಂದ ಆಗಲಿಲ್ಲ. ಕೈ ಹಾಕಲು ಹೋದರೆ ಆ ಮೂವರು ಹೆಣ್ಣುಮಕ್ಕಳು ಕಣ್ಣ ಮುಂದೆ ಬರುತ್ತಿದ್ದರು. ಹೀಗಾಗಿ ಆ ಕಡೆಗೂ ಸಲ್ಲದೆ, ಈ ಕಡೆಗೂ ಸಲ್ಲದೆ ಹೋದ.

ಅಷ್ಟರಲ್ಲಿ ಪಕ್ಕದ ಜಿಲ್ಲೆಯವರು ಈ ವ್ಯವಸ್ಥೆಯನ್ನು ನೋಡಲು ತಮ್ಮ ಡ್ರೈವರುಗಳ ಸಮೇತ ರಾಮನಗರಕ್ಕೆ ಬಂದರು. ಡ್ರೈವರುಗಳ ಪರವಾಗಿ ಮಾತಾಡಲು ಮನೋಹರ್ ಕೆಂಪರಾಜುವನ್ನೇ ಎಬ್ಬಿಸಿದರು. ಬಹುಶಃ ಅವನು ಇನ್ನೂ ತಮ್ಮವನೇ ಎಂದುಕೊಂಡಿದ್ದರು.

ಮೈಕ್ ಹಿಡಿದ ಕೆಂಪರಾಜು, "ಪೆಟ್ಟಿಗೆ ಒಳ್ಳೇದು, ಹಾಕಿಸ್ಕಳಿ. ಜೀವ ಉಳಿಸ್ತದೆ," ಎಂದ. "ಆದ್ರೆ ಇವರು ಬಾಯಲ್ಲಿ ಹೇಳೋದನ್ನ ನಂಬ್ಬೇಡಿ. ನಾನು ನಂಬ್ದೆ. ನನ್ನ ನಂಬಿ ನಮ್ಮ ಮುನೇಶ ಹಾಳಾದ." ಮುನೇಶನ ಹೆಸರನ್ನೂ ಅವನ ತಾಯಿಯ ಹೆಸರನ್ನೂ ಹೇಳಿ, ನಡೆದದ್ದನ್ನೆಲ್ಲ ಬಿಡಿಸಿಟ್ಟ. ಮೈಕ್ ಯಾವಾಗ ಬಂದ್ ಆಯಿತೋ ಗೊತ್ತಾಗಲಿಲ್ಲ, ಅದಿಲ್ಲದೆಯೇ ಮುಗಿಸಿದ.

ಆ ವಾರವೇ ಅವನನ್ನು ಸ್ಟೀರಿಂಗ್‌ನಿಂದ ಇಳಿಸಿ ಟೈರು, ಬ್ಯಾಟರಿ ಇಡುವ ಶೆಡ್ಡಿಗೆ ಹಾಕಿದರು.

ಮಾಡಿದ್ದನ್ನು ಹೇಳಬೇಕೆಂದು ಭಾನುವಾರ ಮಾಗಡಿಗೆ ಹೋದ. ಮುನೇಶ್ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಬೈಯಲಿಲ್ಲ. ಒಳಕ್ಕೆ ಬಾ ಎನ್ನಲಿಲ್ಲ.

"ಹೇಳಿದ್ದು ಒಳ್ಳೇದಾಯ್ತು ಬುಡು," ಎಂದ. "ಆದ್ರೆ ನನ್ನ ಹೆಸ್ರನ್ನ ಅವರ ಕಿವಿಗೆ ಹಾಕ್ದೋನು ನೀನೇ ಅಲ್ವೇನ್ಲಾ?"

"ನಾನೇ ಕಣ್ಲಾ," ಎಂದ ಕೆಂಪರಾಜು.

ಒಳಗಿನಿಂದ ಮುನೇಶನ ತಾಯಿ ಹನುಮಂತಮ್ಮ ತೊದಲುತ್ತಾ ಕೇಳಿದಳು, "ಯಾರ್ಲಾ ಮಗ ಬಂದಿರೋದು?"

"ಯಾರೂ ಇಲ್ಲ ಕಣವ್ವ," ಎಂದ ಮುನೇಶ್, ಬಾಗಿಲನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತಾ.