ಎಡ ರೆಕ್ಕೆಯ ರೇಷ್ಮೆ

ಭಯವನ್ನು ಗೆಲ್ಲದೆ ಮನುಷ್ಯಕುಲ ಒಂದು ಹೆಜ್ಜೆಯೂ ಮುಂದೆ ಹೋಗಲಾರದು ಎಂದು ದೊಡ್ಡವರು ಹೇಳುತ್ತ ಬಂದಿದ್ದಾರೆ. ಅವರಲ್ಲಿ ಯಾರೂ ತಾವೇ ಕಟ್ಟಿದ ವಿಮಾನದ ಕೆಳಗೆ ಹೆತ್ತ ತಾಯಿಯನ್ನು ಕುರ್ಚಿ ಹಾಕಿ ಕೂರಿಸಿದವರಲ್ಲ. ನಾನು ಕೂರಿಸಿದ್ದೇನೆ. ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತಿಗೂ ತುಸು ತೂಕವಿದೆ ಎಂದುಕೊಂಡಿದ್ದೇನೆ.

ಎಂಬತ್ತರ ದಶಕದ ನಡುವಿನ ಮಾತು. ನಾನು ದೇವದುರ್ಗದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಶನಿವಾರದ ಬಸ್ಸಿಗೆ ರಾಯಚೂರಿಗೆ, ಅವ್ವ ಇದ್ದ ಮನೆಗೆ ಬರುತ್ತಿದ್ದೆ. ಸೋಮವಾರ ಬೆಳಿಗ್ಗೆ ಹಿಂದಿರುಗುತ್ತಿದ್ದೆ. ರಾಯಚೂರಿನ ಬಜಾರಿನಲ್ಲಿ ಅರಿವೆ ಅಂಗಡಿ ನಡೆಸುತ್ತಿದ್ದ ನನ್ನ ಬಾಲ್ಯದ ಗೆಳೆಯನಿಗೂ ನನಗೂ ಒಂದೇ ಹುಚ್ಚು: ರೇಡಿಯೊದಿಂದ ನಡೆಸುವ ಸಣ್ಣ ವಿಮಾನಗಳು. ರೇಡಿಯೊ ಪೆಟ್ಟಿಗೆಯನ್ನು ಅವನ ಅಣ್ಣ ದುಬೈಯಿಂದ ತಂದುಕೊಟ್ಟಿದ್ದ. ನೆಟ್ಟನೆಯ ರೆಕ್ಕೆಯ ವಿಮಾನಗಳನ್ನು ಕಟ್ಟಿ ಹಾರಿಸಿದ್ದೆವು. ಅವುಗಳಲ್ಲಿ ಕೆಲವು ನಾವು ಹೇಳಿದ ಕಡೆ ಇಳಿದೂ ಇದ್ದವು.

ಹೀಗಿರುವಾಗ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಅಮೆರಿಕದವರ ಹೊಸ ವಿಮಾನದ ಚಿತ್ರ ನೋಡಿದೆ. ಅದರ ರೆಕ್ಕೆಗಳು ಹಿಂದಕ್ಕೆ ಬಾಗುವ ಬದಲು ಮುಂದಕ್ಕೆ ಚಾಚಿದ್ದವು, ಅಪ್ಪಿಕೊಳ್ಳಲು ಬರುವ ಬೀಗರ ತೋಳುಗಳ ಹಾಗೆ. ಅಂಥದೊಂದನ್ನು ಮಾಡಲೇಬೇಕೆಂದು ಕಾಗದ ಹಾಸಿಕೊಂಡು ಕೂತೆ.

ನಕ್ಷೆ ಮುಂದುವರಿದಂತೆ ಹೆದರಿಕೆಯೂ ಮುಂದುವರಿಯಿತು. ಮುಂದಕ್ಕೆ ಚಾಚಿದ ರೆಕ್ಕೆಗೆ ಒಂದು ಕೆಟ್ಟ ಗುಣ. ವೇಗ ಏರಿದಾಗ ಅದರ ತುದಿ ತಿರುಚಿಕೊಂಡು ಮೂಗು ಎತ್ತುತ್ತದೆ. ಮೂಗು ಎತ್ತಿದ್ದನ್ನು ಕಂಡು ಗಾಳಿ ಇನ್ನಷ್ಟು ಎತ್ತುತ್ತದೆ. ಹೊಗಳಿದಷ್ಟೂ ಉಬ್ಬುವ ಮನುಷ್ಯನಂತೆ ಅದು ಉಬ್ಬಿ ಉಬ್ಬಿ ಕೊನೆಗೆ ಬುಡದಲ್ಲೇ ಮುರಿಯುತ್ತದೆ. ಮುರಿದ ಮೇಲೆ ಉಳಿದದ್ದು, ಇಂಜಿನ್ನು ಮತ್ತು ತಿರುಗುವ ಪಂಖದ ಸಮೇತ, ಯಾರದಾದರೂ ತಲೆಯನ್ನು ಹುಡುಕಿಕೊಂಡು ಬರುತ್ತದೆ.

ಇದಕ್ಕೆ ನಾನು ಕಂಡುಕೊಂಡ ಉಪಾಯ ರೆಕ್ಕೆಗೆ ಹೊದಿಸುವ ರೇಷ್ಮೆಯಲ್ಲಿತ್ತು. ಅದನ್ನು ನೂಲಿನ ಗುಂಟ ಸೀದಾ ಕತ್ತರಿಸದೆ, ಕುಪ್ಪಸ ಹೊಲಿಯುವವರು ಕ್ರಾಸ್ ಕತ್ತರಿಸುವಂತೆ ಓರೆಯಾಗಿ ಕತ್ತರಿಸಿ ಅಂಟಿಸಿದರೆ, ನೂಲುಗಳು ಮೂಲೆಯಿಂದ ಮೂಲೆಗೆ ಬಿಗಿದು ರೆಕ್ಕೆಯನ್ನು ತಿರುಚಲು ಬಿಡುವುದಿಲ್ಲ.

ಗೆಳೆಯ ರೇಷ್ಮೆಯ ಥಾನನ್ನು, ಆ ಇಡೀ ಸುರುಳಿಯನ್ನು, ಬಿಚ್ಚಿ ಕತ್ತರಿ ಹಿಡಿದು ಕೊಯ್ಯದೆ ನಿಂತೇಬಿಟ್ಟ.

"ಮಾಸ್ತರ, ಹಿಂಗ ಓರಿ ಕೊಯ್ದ್ರ ಉಳಿದ ತುಂಡು ಯಾತಕ್ಕ ಬರ್ತದ? ಬೆಕ್ಕಿಗೆ ಅಂಗಿ ಹೊಲಸ್ಲೇನು?"

"ಹೊಲಸು. ಛಂದ ಕಾಣ್ತದ. ಮೊದಲ ಕೊಯ್ಯಿ."

ತನ್ನ ಬೆರಳನ್ನೇ ಕೊಯ್ದುಕೊಳ್ಳುವವನಂತೆ ಮುಖ ಮಾಡಿ ಕೊಯ್ದ. ಆ ಭಾನುವಾರ ಇಬ್ಬರೂ ಕೂತು ಬಲ ರೆಕ್ಕೆ ಮುಗಿಸಿದೆವು. ಅದನ್ನು ಹಿಡಿದು ತಿರುಚಿ ನೋಡಿದೆ, ಜಗ್ಗಲಿಲ್ಲ. ಎಡದ್ದನ್ನು ವಾರದ ನಡುವೆ ತಾನೇ ಮುಗಿಸುವುದಾಗಿ ಹೇಳಿದ. ನಾನು ದೇವದುರ್ಗಕ್ಕೆ ಹೋದೆ. ಮುಂದಿನ ಶನಿವಾರ ಬರುವಷ್ಟರಲ್ಲಿ ಎಡ ರೆಕ್ಕೆ ಸಿದ್ಧವಾಗಿತ್ತು. ಎರಡಕ್ಕೂ ದಪ್ಪನೆಯ ಕೆಂಪು ಬಣ್ಣ ಬಳಿದಿದ್ದ. "ಹಸಿ ಅದ, ಮುಟ್ಟಬ್ಯಾಡ" ಎಂದ. ಮುಟ್ಟಲಿಲ್ಲ.

ಮರುದಿನ ವಿಮಾನವನ್ನು ಹಾಸಿಗೆಯ ಚಾದರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮಾನ್ವಿಗೆ ಹೋದೆವು. ಅಕ್ಕನ ಗಂಡನ ಹೊಲದಲ್ಲಿ ಭತ್ತದ ರಾಶಿ ಮುಗಿದಿತ್ತು. ಸಾರಿಸಿದ ಕಣ ರನ್‌ವೇಗೆ ಹೇಳಿ ಮಾಡಿಸಿದಂತಿತ್ತು. ಜನ ಇರುವುದಿಲ್ಲ ಎಂಬುದೇ ಅಲ್ಲಿಗೆ ಹೋಗಲು ಮುಖ್ಯ ಕಾರಣ. ಆದರೆ ನಮ್ಮ ಜೊತೆ ಬಂದಿದ್ದ ಅವ್ವ ಊಟದ ಹೊತ್ತಿಗೆ ಅಕ್ಕನ ಓಣಿಯಲ್ಲೆಲ್ಲ ಹೇಳಿ ಮುಗಿಸಿದ್ದಳು. ಸಂಜೆ ಅರ್ಧ ಓಣಿ ಕಣದ ಅಂಚಿನಲ್ಲಿತ್ತು. ಎಲ್ಲರ ಮುಂದೆ ಕಬ್ಬಿಣದ ಮಡಿಸುವ ಕುರ್ಚಿಯಲ್ಲಿ ಅವ್ವ.

ಅಕ್ಕನ ಗಂಡ ವಿಮಾನವನ್ನು ಸುತ್ತುಹಾಕಿ ನೋಡಿದ. "ತಮ್ಮಾ, ರೆಕ್ಕಿ ಉಲ್ಟಾ ಹಚ್ಚೀಯಲ್ಲೋ!"

"ಅದು ಇರೋದಾ ಹಂಗ, ಮಾವಾ."

"ಬಸ್ಸಿನ್ಯಾಗ ತಿರುವಿತೇನು ನೋಡು."

ವಿಮಾನ ಎದ್ದಿತು. ಎಲ್ಲರೂ ಓ ಎಂದರು. ಒಂದು ಸುತ್ತು ಹಾಕಿಸಿ ವೇಗ ಏರಿಸಿದೆ; ಬಲಕ್ಕೆ ವಾಲಿತು. ವೇಗ ಇಳಿಸಿದೆ, ನೆಟ್ಟಗಾಯಿತು. ಮತ್ತೆ ಏರಿಸಿದೆ, ಮತ್ತೆ ಬಲಕ್ಕೆ. ಎಡ ರೆಕ್ಕೆ ಮಾತ್ರ ಮೂಗು ಎತ್ತುತ್ತಿತ್ತು.

"ಎಡ ರೆಕ್ಕಿಗೆ ಅರಿವಿ ಹೆಂಗ ಕೊಯ್ದಿದ್ದಿ?" ಎಂದು ಗೆಳೆಯನನ್ನು ಕೇಳಿದೆ, ವಿಮಾನದಿಂದ ಕಣ್ಣು ಕದಲಿಸದೆ.

"ಯಾಕ?"

"ಹೆಂಗ ಕೊಯ್ದಿದ್ದಿ ಹೇಳಲೇ!"

"ಸೀದಾ. ಕೈ ಬರಲಿಲ್ಲ, ಮಾಸ್ತರ. ನಮ್ಮ ಅಂಗಡಿಯಾಗ ಅಪ್ಪನ ಕಾಲದಿಂದ ಯಾರೂ ಥಾನು ಓರಿ ಕೊಯ್ದಿಲ್ಲ."

ಅವನನ್ನು ಬಯ್ಯಲು ಹೊತ್ತಿರಲಿಲ್ಲ. ವಿಮಾನ ಕಣದ ಕಡೆಗೆ ತಿರುಗಿತ್ತು. ಅದರ ತಲೆ ಬಗ್ಗಿಸಿ ಬೇಗ ಇಳಿಸಿದರೆ ವೇಗ ಏರಿ ರೆಕ್ಕೆ ಕಿತ್ತುಹೋಗುತ್ತದೆ. ತೀರ ನಿಧಾನಿಸಿದರೆ ಕಲ್ಲಿನಂತೆ ಬೀಳುತ್ತದೆ. ಕಣದ ಆಚೆ, ಕಾಲುವೆಯ ಪಕ್ಕ, ಎರಡನೆಯ ಬೆಳೆಗೆ ನೀರು ಕಟ್ಟಿದ ಗದ್ದೆಯಿತ್ತು. ಅಲ್ಲಿ ಬಿದ್ದರೆ ಯಾರಿಗೂ ಏನೂ ಆಗದು. ಆದರೆ ಅಲ್ಲಿಗೆ ಹೋಗುವ ದಾರಿ ಅವ್ವನ ತಲೆಯ ಮೇಲಿಂದ.

"ಯವ್ವನ್ನ ಎಬ್ಬಿಸು, ಓಡು."

ಓಡಿದ. "ಯವ್ವಾ, ಏಳ್ರಿ, ಆ ಕಡಿ ಹೋಗೂಣು."

"ಮಗ ಇಳಿಸೂತನಾ ನಾ ಏಳಂಗಿಲ್ಲಪಾ. ನೀನೂ ಕುಂದ್ರು."

ಹಿಂದಿನಿಂದ ಅಕ್ಕನ ಗಂಡ ಕೂಗುತ್ತಿದ್ದ: "ಜೋರ ಬಿಡೋ ತಮ್ಮಾ! ಎತ್ತಿನ ಬಂಡಿ ಹೊಡ್ಯಾಕತ್ತೀಯೇನು?"

ಗೆಳೆಯ ಸುತ್ತ ನೋಡಿದ. ಅವ್ವನ ಕುರ್ಚಿಗೆ ಸಿಕ್ಕಿಸಿದ್ದ ಕೊಡೆಯನ್ನು ಬಿಚ್ಚಿ ಅವಳ ತಲೆಯ ಮೇಲೆ ಹಿಡಿದು ನಿಂತ.

"ಬಿಸಲಾ ಇಲ್ಲಲ್ಲೋ!"

"ಇರ್ಲಿ ತಗೋರಿ ಯವ್ವಾ."

ಬಿದಿರು, ಕಬ್ಬಿಣ, ಪಂಖ ಇವೆಲ್ಲದರ ಎದುರು ಒಂದು ಕಪ್ಪು ಕೊಡೆ. ಈಗ ನೆನೆದರೆ ನಗು ಬರುತ್ತದೆ. ಆಗ, ತಿರುಗುವ ಪಂಖವಾದರೂ ನಿಲ್ಲಲಿ ಎಂದು, ಇಂಜಿನ್ನು ಆರಿಸಿದೆ. ಪಂಖ ನಿಂತಿತು. ಆ ಮೌನದಲ್ಲಿ ವಿಮಾನ ಕೊಡೆಯ ಮೇಲೆ ಹಾಯುವಾಗ ಎಡ ರೆಕ್ಕೆ ಪಟಪಟ ಎನ್ನುವುದು ನನಗೆ ಸ್ಪಷ್ಟವಾಗಿ ಕೇಳಿಸಿತು. ಗೆಳೆಯ ಕಣ್ಣು ಮುಚ್ಚಿದ್ದ, ಕೊಡೆ ಬಿಡಲಿಲ್ಲ. ಅವ್ವ ಕೊಡೆಯನ್ನು ಕೈಯಿಂದ ಸರಿಸಿ ಕತ್ತೆತ್ತಿ ನೋಡಿ, ಗುಡಿಯ ಮುಂದೆ ಹಾಯುವವರಂತೆ ವಿಮಾನಕ್ಕೆ ಕೈಮುಗಿದಳು.

ವಿಮಾನ ಗದ್ದೆಯ ಕೆಸರಿನಲ್ಲಿ ಇಳಿಯಿತು. ಎಡ ರೆಕ್ಕೆ ಬುಡದಲ್ಲಿ ಅರ್ಧ ಸೀಳಿತ್ತು. ಯಾರಿಗೂ ಪೆಟ್ಟಾಗಲಿಲ್ಲ.