ಅಶ್ವತ್ಥಾಚಾರಿಗಳ ಕರಿ ವಿಮಾನ

ನಮ್ಮ ಮಾವ ಅಶ್ವತ್ಥಾಚಾರಿಗಳಿಗೆ ತಮ್ಮ ಕೆಲಸದ ಮೇಲೆ ಅನುಮಾನ ಬಂದದ್ದು ಜೀವಮಾನದಲ್ಲಿ ಒಂದೇ ಸಲ. ಬಂದ ಮೇಲೆ ಅದು ಬೇಗ ಹೋಗಲೂ ಇಲ್ಲ. ಬೇಡದ ನೆಂಟನ ಹಾಗೆ ನಮ್ಮ ಮನೆಯಲ್ಲೇ ಠಿಕಾಣಿ ಹೂಡಿತು.

ಶ್ರೀನಿವಾಸಪುರದಿಂದ ರಾಯಲ್ಪಾಡಿನವರೆಗೆ ಬಾಗಿಲುವಾಡ, ಗಾಡಿ, ದೇವರ ವಾಹನ ಏನೇ ಆಗಬೇಕಿದ್ದರೂ ಜನ ಮಾವನನ್ನು ಹುಡುಕಿಕೊಂಡು ಬರುತ್ತಿದ್ದರು. ಮಾವ ಉಳಿ ಹಿಡಿಯುವ ಮೊದಲು ಆಯ ನೋಡುತ್ತಿದ್ದರು. ಮಾಡುವ ವಸ್ತುವಿನ ಅಳತೆಯನ್ನು ಒಂದು ಲೆಕ್ಕಕ್ಕೆ ಹಾಕಿ, ಎಂಟರಿಂದ ಭಾಗಿಸಿ, ಉಳಿದದ್ದರಲ್ಲಿ ಒಳ್ಳೆಯದು ಕೆಟ್ಟದ್ದು ಹೇಳುವ ಲೆಕ್ಕ ಅದು. ಧ್ವಜಾಯ ಬಂದರೆ ಜಯ, ಕಾಕಾಯ ಬಂದರೆ ಸಾವುನೋವು. ಸರಿಬರದಿದ್ದರೆ ಅಳತೆಯನ್ನು ಒಂದು ನೂಲು ಹೆಚ್ಚೋ ಕಡಿಮೆಯೋ ಮಾಡಿ ಒಳ್ಳೆಯ ಆಯಕ್ಕೆ ತರುತ್ತಿದ್ದರು. ನೂಲು ಎಂದರೆ ಇಂಚಿನ ಎಂಟನೇ ಪಾಲು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಈಳಿಗೆಗೆ ಒಂದು ಮಣೆ ಕೇಳಿದ್ದಕ್ಕೂ ಆಯ ಕೂಡಿಬರಲಿ ಎಂದು ಕಾಯಿಸಿದರು. ಬದನೆಕಾಯಿ ಹೆಚ್ಚಲು ಆಯ ಯಾಕೆ ಮಾವಾ ಎಂದು ಕೇಳುವ ಧೈರ್ಯ ಆಗ ನನಗಿರಲಿಲ್ಲ. ಈಗ ಧೈರ್ಯವಿದೆ, ಮಾವ ಇಲ್ಲ.

ಯುದ್ಧ ಬಂದಾಗ ನಮ್ಮವರು ಅಪ್ಪನ ಪಕ್ಕ ಕೂತು ಬಾಗಿಲು ಕೆತ್ತುವುದು ಬಿಟ್ಟು ನೌಕಾಪಡೆಯಲ್ಲಿ ಬಡಗಿಯಾಗಿ ಸೇರಿಕೊಂಡರು. ಸಮುದ್ರವನ್ನು ನಮ್ಮ ಮನೆಯಲ್ಲಿ ಯಾರೂ ಕಂಡವರಲ್ಲ. ನೀರಿನ ಮೇಲೆ ಇರುವ ಮನುಷ್ಯನಿಗೆ ಆಕಾಶದಿಂದ ಬಾಂಬು ಬೀಳುತ್ತದಂತೆ ಎಂದು ಯಾರೋ ಹೇಳಿದ ಮೇಲೆ ನಮ್ಮತ್ತೆ ದೊಡ್ಡಗಂಗಮ್ಮ ಹದ್ದು ಹಾರಿದರೂ ತಲೆಯೆತ್ತಿ ನೋಡತೊಡಗಿದರು. ನನಗಂತೂ ದಿನಾ ಭಯವೇ. ಕಾರ್ಡು ಬಂದ ದಿನವೂ ಭಯ ಹೋಗುತ್ತಿರಲಿಲ್ಲ, ಅದು ಬರೆದು ಎಷ್ಟೋ ದಿನವಾಗಿರುತ್ತಿತ್ತಲ್ಲ.

ನಲವತ್ತನಾಲ್ಕನೇ ಇಸವಿಯಲ್ಲಿ, ಮಾವಿನ ಸುಗ್ಗಿ ಮುಗಿದ ಮೇಲೆ, ಕೋಲಾರದ ಕಡೆ ಮಿಲಿಟರಿಯವರಿಗೆ ಸಾಮಾನು ಒದಗಿಸುತ್ತಿದ್ದ ಕಂಟ್ರಾಕ್ಟರ್ ಚನ್ನರಾಯಪ್ಪ ಒಂದು ಸುರುಳಿ ಕಾಗದ ಹಿಡಿದು ಬಂದ. ಜಗಲಿಯ ಮೇಲೆ ಅದನ್ನು ಬಿಡಿಸಿದರೆ ಅದರಲ್ಲಿ ಒಂದು ವಿಮಾನ.

"ಇದನ್ನ ಇದ್ದದ್ದು ಇದ್ದಂಗೇ ಮರದಾಗೆ ಕೆತ್ತಬೇಕು ಆಚಾರ್ರೇ. ಆರಡಿಗೆ ಒಂದಿಂಚು ಲೆಕ್ಕ. ಆಮೇಲೆ ಪೂರಾ ಕರಿ ಬಣ್ಣ. ಯಾವ ಗುರ್ತೂ ಹಾಕ್ಬಾರ್ದು."

"ಏನಕ್ಕಪ್ಪಾ ಇದು, ಆಟದ ಸಾಮಾನಾ?"

"ಆಟ ಎಲ್ಲಿಂದ ಬಂತು! ಹಡಗಿನ ಮೇಲಿಂದ ಹಾರೋ ಫೈಟರ್ ವಿಮಾನ ಇದು. ಆಕಾಶ ಕಾಯೋ ಹುಡುಗ್ರು ಈ ಬೊಂಬೆ ನೋಡಿ ನೋಡಿ ಆಕಾರ ತಲೇಲಿ ಇಟ್ಕೋಬೇಕು. ಮೇಲೆ ಕಂಡ ತಕ್ಷಣ ಇದೇ ಅಂತ ಹೇಳ್ಬೇಕು."

ಯಾರ ವಿಮಾನ ಎಂದು ಮಾವ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮೈಯೆಲ್ಲ ಕಪ್ಪು, ಗುರುತಿಲ್ಲ, ಆಕಾಶದಲ್ಲಿ ಹೊಂಚು ಹಾಕಿ ಪತ್ತೆ ಹಚ್ಚಬೇಕು. ಇದು ಶತ್ರುವಿನದೇ ಎಂದು ಮಾವ ತೀರ್ಮಾನಿಸಿದರು. ನಾವೂ ಹೂಂ ಎಂದೆವು. ಸ್ವಂತ ವಿಮಾನದ ಗುರುತು ಹಿಡಿಯಲು ಯಾರಾದರೂ ಬೊಂಬೆ ಮಾಡಿಸುತ್ತಾರೆಯೇ?

ಕಾಗದದ ಮೇಲಿನ ಚಿತ್ರಗಳೇ ಮೊದಲು ತಲೆ ಕೆಡಿಸಿದವು. ರೆಕ್ಕೆ ಬುಡದಲ್ಲಿ ಕೆಳಕ್ಕೆ ಬಾಗಿ ಮತ್ತೆ ಮೇಲಕ್ಕೆ ಏರುತ್ತಿತ್ತು. ಒಂದು ಮೂಲೆಯ ಚಿತ್ರದಲ್ಲಿ ಎರಡೂ ರೆಕ್ಕೆ ಮಡಿಸಿಕೊಂಡು ಬೆನ್ನ ಮೇಲೆ ನಿಂತಿದ್ದವು. "ಇದು ಮುರಿದಿದ್ದಾ, ಇರೋದೇ ಹಿಂಗಾ?" ಎಂದು ಮಾವ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಕುಕ್ಕೋಕೆ ಬರೋ ಹುಂಜ ರೆಕ್ಕೆ ಎತ್ತಲ್ವಾ, ಹಂಗೇ," ಎಂದರು ಅತ್ತೆ. ಶತ್ರು ಎಂದ ಮೇಲೆ ಅದೂ ಸರಿಯೇ ಅನ್ನಿಸಿತು.

ಶಿವನಿ ಮರದ ಒಂದು ಒಣಗಿದ ತುಂಡು ಆರಿಸಿ ಮಾವ ಕೂತರು. ಮೂತಿಯ ಮೇಲಿನ ಮೂರು ಎಲೆಯ ಪಂಖ, ಕೂರುವವನ ಗಾಜಿನ ಗೂಡು, ಹಡಗಿನ ಮೇಲಿಳಿಯುವಾಗ ಹಗ್ಗಕ್ಕೆ ಸಿಕ್ಕಿಕೊಳ್ಳಲು ಬಾಲದ ಕೆಳಗಿರುವ ಕೊಕ್ಕೆ, ಎಲ್ಲವೂ ಬಂತು. ಗರುಡನ ರೆಕ್ಕೆ ಕೆತ್ತಿ ಪಳಗಿದ ಕೈಗೆ ಈ ಬಾಗು ಹೊಸದು. ಎರಡು ರೆಕ್ಕೆ ಹಾಳಾಗಿ ಒಲೆಗೆ ಹೋದವು, ಅವುಗಳ ಉರಿಯಲ್ಲಿ ನಾನು ಮುದ್ದೆ ತೊಳಸಿದೆ. ಮೂರನೆಯದು ಹೇಳಿ ಮಾಡಿಸಿದಂತೆ ಕೂತಿತು. ಅದನ್ನು ಕೈಯಲ್ಲಿ ಹಿಡಿದಾಗ ಮಾವನ ಮುಖ ಅರಳಿತ್ತು, ಅದನ್ನು ನಾನೇ ಕಂಡೆ. ಆಮೇಲೆ ಅಭ್ಯಾಸಬಲ, ಅಳತೆ ಕೋಲು ಇಟ್ಟು ಆಯ ನೋಡಿದರು. ಕಾಗದದ ಅಳತೆಗೆ ಸರಿಯಾಗಿ ಧ್ವಜಾಯ ಬಂದಿತ್ತು.

ಅಲ್ಲಿಂದ ಊಟ ನಿದ್ದೆ ಕೆಟ್ಟಿತು. ಶತ್ರುವಿನ ವಿಮಾನಕ್ಕೆ ತಮ್ಮ ಕೈಯಾರೆ ಜಯದ ಆಯ ಕೊಟ್ಟರೆ ಅದು ಮಗನ ಹಡಗಿನ ಮೇಲೇ ಎರಗುತ್ತದೆ. ಕೆಟ್ಟ ಆಯ ಕೊಡೋಣವೆಂದರೆ ಅದರ ಫಲ ಮಾಡಿದವನ ಮನೆಗೂ ತಟ್ಟುತ್ತದೆ, ಮಗನೂ ಆ ಮನೆಯವನೇ.

"ಹೆಂಗ್ ಮಾಡಿದ್ರೂ ನಮ್ಮ ಹುಡುಗ ಕದಿರೇಶನ ತಲೆ ಮೇಲೇ ಬರ್ತದಲ್ಲೇ," ಎಂದರು ಮಾವ ಅತ್ತೆಗೆ.

"ಹಂಗಾದ್ರೆ ಮಾಡ್ಬೇಡಿ. ವಾಪಸ್ ಕೊಟ್ಬಿಡಿ."

"ಒಪ್ಕೊಂಡ ಕೆಲಸ ಕಣೇ."

"ಮಾವಾ, ಮರದ ತುಂಡಿಗೂ ಸಮುದ್ರಕ್ಕೂ ಏನು ಸಂಬಂಧ?" ಎಂದು ನಾನು ಬಾಯಿ ಹಾಕಿದೆ. ಒಳಗೆ ನನಗೂ ಭಯವೇ, ಹೊರಗೆ ಮಾತ್ರ ದೊಡ್ಡ ಜಾಣೆ.

"ಸಂಬಂಧ ಇಲ್ದೇ ಇದ್ರೆ ಇಷ್ಟು ದಿನ ನಾನು ಮಾಡಿದ್ದೆಲ್ಲಾ ಏನಮ್ಮಾಯಿ?" ಎಂದರು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, "ತಟ್ಟೋದಿದ್ರೆ ನನಗೆ ತಟ್ಟಲಿ, ಮಗನಿಗೆ ಬೇಡ," ಎಂದು ಗಟ್ಟಿಯಾಗಿ ಹೇಳಿ, ರೆಕ್ಕೆಯ ಎರಡೂ ತುದಿಯಲ್ಲಿ ಒಂದೊಂದು ನೂಲು ಕತ್ತರಿಸಿ, ಉಜ್ಜಿ, ನುಣುಪು ಮಾಡಿಟ್ಟರು. ಲೆಕ್ಕ ಕಾಕಾಯಕ್ಕೆ ಬಂತು. ಮೈಗೆಲ್ಲ ಕರಿ ಬಣ್ಣ ಬಳಿದು ಕೋಲಾರಕ್ಕೆ ಕಳಿಸಿದರು.

ಸ್ವಲ್ಪ ದಿನಕ್ಕೆ ಚನ್ನರಾಯಪ್ಪ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ವಾಪಸ್ ತಂದ.

"ಏನ್ ಆಚಾರ್ರೇ ಹಿಂಗ್ ಮಾಡಿದ್ರಿ? ರೆಕ್ಕೆ ಕಾಗದಕ್ಕಿಂತ ಗಿಡ್ಡ ಅಂತ ಸಾಹೇಬ್ರು ತಿರುಗಿಸಿಬಿಟ್ರು. ಹುಡುಗ್ರು ಅಳತೆ ತಪ್ಪು ಕಲಿತು ನಮ್ಮ ವಿಮಾನಕ್ಕೇ ಗುಂಡು ಹೊಡೆದ್ರೆ ಏನ್ ಗತಿ?"

ಮಾವ ಟವೆಲಿನಿಂದ ವಿಮಾನವನ್ನು ಎತ್ತಿಕೊಂಡರು. "ಯಾರ್ದು ಅಂದೆ?"

"ನಮ್ಮ ಕಡೇದೇ. ನಿಮ್ಮ ಮಗ ಇರೋ ಅಂಥ ಹಡಗುಗಳಿಗೆ ಮೇಲಿಂದ ಕಾವಲು ಇದೇ ಅಲ್ವಾ?"

"ಮತ್ತೆ ಕರಿ ಬಣ್ಣ?"

"ಬಿಸಿಲಿಗೆ ಎದುರಾಗಿ ನೋಡಿದ್ರೆ ನಮ್ದೂ ಕರಿ, ಅವರ್ದೂ ಕರಿ. ಅದಕ್ಕೇ ಆಕಾರ ಕಲೀಬೇಕು ಅನ್ನೋದು." ಅವನು ಮಜ್ಜಿಗೆ ಕುಡಿದು ಹೊರಟುಹೋದ.

ಮಗನನ್ನು ಕಾಯುವ ವಿಮಾನಕ್ಕೇ ಕಾಕಾಯ ಕೊಟ್ಟಾಗಿತ್ತು. ಮಾವ ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯ ಮೇಲೆ ಕೂತರು. ತುದಿಗೆ ಚೂರು ಅಂಟಿಸಿ ಮೊದಲಿನ ಅಳತೆಗೆ ತರೋಣವೆಂದರೆ, ಕಡಿದು ಅಂಟಿಸಿದ ಅಂಗ ಭಿನ್ನವಾಗುತ್ತದೆ, ಭಿನ್ನವಾದದ್ದನ್ನು ಮನೆಯಲ್ಲಿಡಬಾರದು. ಸುಡೋಣವೆಂದರೆ ಅದು ಮಗನ ಕಾವಲು. ನೀರಿಗೆ ಬಿಡೋಣವೆಂದರೆ ವಿಮಾನ ನೀರಿಗೆ ಬೀಳುವುದೆಂದರೇನು ಎಂದು ಅತ್ತೆ ಅಳತೊಡಗಿದರು. ಕೊನೆಗೆ ಅದನ್ನು ಕೊಟ್ಟಿಗೆಯ ಅಟ್ಟದ ಮೇಲಿಟ್ಟರು. ಅದು ಮನೆಯೊಳಗೋ ಹೊರಗೋ ಎಂಬುದೂ ಇತ್ಯರ್ಥವಾಗಲಿಲ್ಲ.

ಅಲ್ಲಿಂದ ಮಾವ ಯಾರಿಗೂ ಆಯ ನೋಡಲಿಲ್ಲ. "ನನ್ನ ಲೆಕ್ಕ ಕೆಟ್ಟದೆ, ಬೇರೆಯವರನ್ನ ಕೇಳ್ರಪ್ಪಾ," ಎಂದು ಬಾಗಿಲಿಗೆ ಬಂದವರನ್ನು ಕಳಿಸಿಬಿಡುತ್ತಿದ್ದರು. ನೇಗಿಲು, ಕುಂಟೆ ಕೆತ್ತಿಕೊಂಡು ಕಾಲ ಹಾಕಿದರು. ಯುದ್ಧ ಮುಗಿಯಿತೆಂದು ಊರಲ್ಲಿ ಸಕ್ಕರೆ ಹಂಚಿದ ದಿನವೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಮಗನ ಕಾರ್ಡು ಬಂದು ಬಹಳ ದಿನವಾಗಿತ್ತು. ನನಗೆ ಮಾವನ ಮೇಲೆ ಸಿಟ್ಟು ಬರುತ್ತಿತ್ತು, ಅವರ ಮುಖ ನೋಡಿದರೆ ಸಿಟ್ಟು ನಿಲ್ಲುತ್ತಿರಲಿಲ್ಲ.

ಮರುವರ್ಷ ಮಾವು ಹೂ ಬಿಟ್ಟಾಗ ನಮ್ಮವರು ಸಣ್ಣ ರೈಲಿನಿಂದಿಳಿದು ಬಂದರು. ಕಪ್ಪಾಗಿದ್ದರು, ತೆಳ್ಳಗಾಗಿದ್ದರು, ಜೀವಂತ ಇದ್ದರು. ನಾವು ಹೆಂಗಸರು ಅತ್ತು ಮುಗಿಸಿದರೂ ಮಾವ ಹತ್ತಿರ ಬರಲಿಲ್ಲ. ಕಂಬದ ಮರೆಯಲ್ಲಿ ನಿಂತು, ತಾವೇ ಮುಟ್ಟಿದರೆ ಏನಾದರೂ ಆದೀತು ಎಂಬಂತೆ ನೋಡುತ್ತಿದ್ದರು.

ಸಂಜೆ ಹಸುವಿಗೆ ಹುಲ್ಲು ಇಳಿಸಲು ಹೋದ ನಮ್ಮವರು ಆ ಕರಿ ವಿಮಾನವನ್ನು ಎತ್ತಿಕೊಂಡು ಬಂದರು. "ಅಪ್ಪಾ, ಇದನ್ನ ಯಾರು ಮಾಡಿದ್ದು?"

ಮಾವ ಎಲ್ಲವನ್ನೂ ಹೇಳಿದರು. ಏನನ್ನೂ ಮುಚ್ಚಿಡಲಿಲ್ಲ. ನಮ್ಮವರು ರೆಕ್ಕೆಯ ತುದಿಯ ಮೇಲೆ ಹೆಬ್ಬೆರಳು ಆಡಿಸಿದರು.

"ಸಿಂಹಳದ ಬಂದರದಾಗೆ ನಮ್ಮ ಪಕ್ಕದ ದೊಡ್ಡ ಹಡಗಲ್ಲಿ ಇವೇ ಇದ್ವು ಅಪ್ಪಾ. ಅವುಕ್ಕೂ ತುದಿ ಕತ್ತರಿಸಿದ್ರು. ಹಿಂಗೇ, ಇಷ್ಟೇ."

"ಯಾಕೆ? ಯಾರ ಆಯಕ್ಕೆ?"

"ಆಯ ಅಲ್ಲ. ರೆಕ್ಕೆ ಮಡಿಸಿ ಹಡಗಿನ ಹೊಟ್ಟೆಗೆ ಇಳಿಸಿದ್ರೆ ಮೇಲಿನ ಸೂರಿಗೆ ತಾಗ್ತಿತ್ತು. ಅದಕ್ಕೆ ತುದಿ ತೆಗೆದ್ರು. ನಿಮ್ಮ ಸಾಹೇಬ್ರ ಕಾಗದದಾಗೆ ಕತ್ತರಿಸೋ ಮುಂಚಿನ ವಿಮಾನ ಇತ್ತೇನೋ."

ಮಾವನ ಮುಖದಲ್ಲಿ ಸಂತೋಷ ಬರಲಿಲ್ಲ. ಇನ್ನೂ ಗೊಂದಲವೇ. "ಹಂಗಾದ್ರೆ ಕಾಕಾಯಾನೇ ನಿನ್ನ ಕಾಯ್ತಾ?"

"ಆಯ ನಂಗೊತ್ತಿಲ್ಲ ಅಪ್ಪಾ. ದಿನಾ ತಲೆ ಮೇಲೆ ಹಾರಿ ಹೋಗ್ತಿದ್ವು, ವಾಪಸ್ ಬರ್ತಿದ್ವು."

"ಹೋದವೆಲ್ಲಾ ಬರ್ತಿದ್ವಾ?"

ನಮ್ಮವರು ವಿಮಾನವನ್ನು ಜಗಲಿಯ ಮೇಲಿಟ್ಟರು. "ಎಲ್ಲಾ ಬರ್ತಿರ್ಲಿಲ್ಲ," ಎಂದರು.

ಮಾವ ಕಂಬ ಬಿಟ್ಟು ಬಂದು ಮಗನ ಪಕ್ಕ ಕೂತು ಅವರ ಮಣಿಕಟ್ಟು ಹಿಡಿದುಕೊಂಡರು. ಬಾರದೆ ಹೋದ ವಿಮಾನಗಳ ಹುಡುಗರ ಲೆಕ್ಕ ಎಲ್ಲಿಗೆ ಸೇರಿತು ಎಂದು ಯಾರನ್ನೂ ಕೇಳಲಿಲ್ಲ, ಆದರೆ ಅದನ್ನೇ ಯೋಚಿಸುತ್ತಿದ್ದರು ಎಂದು ನನಗೆ ಗೊತ್ತು. ಊಟಕ್ಕೆ ಕರೆದಾಗಲೂ ಕೈ ಬಿಡಲಿಲ್ಲ. ನಾನು ಇಬ್ಬರಿಗೂ ಅಲ್ಲೇ ಒಂದೇ ತಟ್ಟೆಯಲ್ಲಿ ಮುದ್ದೆ ಇಟ್ಟು ಸಾರು ಬಡಿಸಿದೆ.